ಎಲ್ಲರ ಕೈಗೆಟುಕುವ ‘ಮಾಯಾವಿ’



ದಿನವೆಲ್ಲ ಲೆಕ್ಕದ ಪುಸ್ತಕ ತುಂಬುವ ನಮಗೆ ಅಂಕಿಗಳ ರಾಶಿ ಹೊಸದಲ್ಲ. ವಿಮಾನದ ರೆಕ್ಕೆಯ ಸುತ್ತ ಗಾಳಿ ಹರಿಯುವ ಬಗೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದಾಗ ದೊರೆಯುವುದೂ ಅಂಥ ರಾಶಿಯೇ: ಬಿಂದುಬಿಂದುವಿಗೂ ಒಂದು ವೇಗ, ಒಂದು ಒತ್ತಡ. ಅದನ್ನು ಉದ್ದ, ಅಗಲ, ಆಳಗಳುಳ್ಳ ಬಣ್ಣದ ಚಿತ್ರವಾಗಿಸಿದರೆ ಸುಳಿ ಎಲ್ಲಿದೆಯೆಂಬುದು ಕಣ್ಣಿಗೇ ಕಾಣುತ್ತದೆ.

ಇಂಥ ಚಿತ್ರ ತೋರಿಸುವ ‘ಮಾಯಾವಿ’ ಎಂಬ ತಂತ್ರಾಂಶವನ್ನು ರಚಿಸಿದವರು ಪ್ರಭು ರಾಮಚಂದ್ರನ್. ಆಗ ಅವರು ನಮ್ಮ ಟಿ. ನಗರಕ್ಕೆ ಕೆಲವೇ ಮೈಲಿ ದೂರದ ಮದರಾಸು ಐ.ಐ.ಟಿ.ಯಲ್ಲಿ ವೈಮಾನಿಕ ಶಾಸ್ತ್ರದ ಸಂಶೋಧನೆ ನಡೆಸುತ್ತಿದ್ದರು. 2001ರಲ್ಲಿ ಅದನ್ನು ವಿದ್ವಾಂಸರ ಮುಂದಿಟ್ಟರು. 1993ರಲ್ಲಿ ಅಮೆರಿಕದ ಮೂವರು ಆರಂಭಿಸಿದ ವಿ.ಟಿ.ಕೆ. ಎಂಬ ಮುಕ್ತ ತಂತ್ರಾಂಶವೇ ಅದಕ್ಕೆ ತಳಹದಿ. ಮುಕ್ತವಾಗಿ ಪಡೆದುದನ್ನು ಅವರೂ ಮುಕ್ತವಾಗಿಯೇ ಕೊಟ್ಟರು. ಬೆಲೆಯಿಲ್ಲ, ಕಂಪ್ಯೂಟರಿಗೆ ಬರೆದ ಆದೇಶಗಳನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

ನಮ್ಮ ಉಚಿತ ವಾಚನಾಲಯದ ಧರ್ಮವೂ ಇದೇ ಅಲ್ಲವೇ? ಇಲ್ಲಿ ಒಬ್ಬರು ಪತ್ರಿಕೆ ಹಿಡಿದರೆ ಇನ್ನೊಬ್ಬರು ಕಾಯಬೇಕು. ಅಲ್ಲಿ ಸಾವಿರ ಜನ ಒಯ್ದರೂ ಎಲ್ಲರಿಗೂ ಪ್ರತಿ ಉಂಟು. ಕಾಲೇಜಿಗೆ ಹೋಗುವ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಹಣವಿಲ್ಲವೆಂದು ಈ ಬಾಗಿಲಿನಿಂದ ಹಿಂದಿರುಗಬೇಕಾಗಿಲ್ಲವೆಂದು ಅವರಿಗೆ ಹೇಳೋಣ. ಕಲಿತ ಮೇಲೆ ತಾವೂ ನಾಲ್ವರಿಗೆ ಕೊಡಬೇಕೆಂಬುದನ್ನೂ ಹೇಳೋಣ.