ಅರ್ಜಿಯೆಂಬ ಸಾಕ್ಷ್ಯಪತ್ರ

(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಂತಹ ಉತ್ಸವದ ವೇದಿಕೆಯಲ್ಲಿ ಕನ್ನಡ ನುಡಿಯ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ನಾನಾದರೋ ಸರಕಾರಿ ಉದ್ಯೋಗದ ಅರ್ಜಿಯನ್ನು ಬರೆಯುವ ಬಗೆಯನ್ನು ವಿಷಯವಾಗಿ ಆರಿಸಿಕೊಂಡಿದ್ದೇನೆ. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಅಂದಿನಿಂದ, ಕನ್ನಡದಲ್ಲಿ ಓದಿದ ಮಗುವಿಗೆ ಮುಂದೇನು ಎಂಬ ಪ್ರಶ್ನೆ ನಮ್ಮ ಮನೆಮನೆಯ ಜಗಲಿಯಲ್ಲಿಯೂ ಕೇಳಿಬರುತ್ತಿದೆ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಾನು ಅಧ್ಯಾಪಕನಾಗಿದ್ದಾಗ, ಶಾಲೆಗೆ ಸೇರಲು ಬಂದ ಹುಡುಗನೊಬ್ಬನ ಮನೆತನದ ಹೆಸರನ್ನು ಬಿಟ್ಟು, ಊರಿನ ಮೊದಲಕ್ಷರವನ್ನು ಮಾತ್ರ ಸೇರಿಸಿ ದಾಖಲೆ ಪುಸ್ತಕದಲ್ಲಿ ಬರೆದೆ. "ಮಾಷ್ಟ್ರೇ, ನೀವು ಬರೆದದ್ದೇ ಸರಿ" ಎಂದರು ಅವನ ತಂದೆ. ಆ ಹೆಸರೇ ಎಸ್.ಎಸ್.ಎಲ್.ಸಿ. ಪುಸ್ತಕಕ್ಕೆ ಹೋಯಿತು. ಪದವಿಪತ್ರದಲ್ಲಿ ಮನೆತನದ ಹೆಸರು ಸೇರಿಕೊಂಡಿತು. ಜಾತಿ ದೃಢಪತ್ರದಲ್ಲಿ ಇಂಗ್ಲಿಷಿನ ಅಕ್ಷರಗಳೇ ಬೇರೆಯಾದುವು. ಪರೀಕ್ಷೆಯಲ್ಲಿ ಗೆದ್ದು ದಾಖಲೆಗಳ ಪರಿಶೀಲನೆಗೆ ಹೋದಾಗ, ಈ ಮೂವರೂ ತಾನೊಬ್ಬನೇ ಎಂದು ಸ್ಥಾಪಿಸುವ ಭಾರ ಆ ತರುಣನ ಮೇಲೆ ಬಿದ್ದಿತು. ಗ್ರಾಮ ಕಚೇರಿಗೆ ಅಲೆದಲೆದು ದೃಢಪತ್ರ ತಂದನು. ಕೆಲಸವೇನೋ ದೊರೆಯಿತು. ಆದರೆ ಆ ವಾರಗಳಲ್ಲಿ ಅವನ ತಾಯಿ ನಿದ್ದೆಗೆಟ್ಟುದಕ್ಕೆ ನನ್ನ ಲೇಖನಿಯೇ ಕಾರಣ.

ಆದುದರಿಂದ ಹೇಳುತ್ತೇನೆ: ಸರಕಾರಿ ಅರ್ಜಿಯೆಂಬುದು ಆತ್ಮಪ್ರಶಂಸೆಯಲ್ಲ, ಸಾಕ್ಷ್ಯಪತ್ರ. ಅದರ ಪ್ರತಿಯೊಂದು ಸಾಲಿನ ಬೆನ್ನಿಗೂ ಒಂದು ಕಾಗದ ನಿಂತಿರಬೇಕು. ಕಾಗದವಿಲ್ಲದುದನ್ನು ಬರೆಯಬಾರದು, ಕಾಗದವಿರುವುದನ್ನು ಸಂಕೋಚದಿಂದ ಬಿಡಲೂಬಾರದು.

ಕೇರಳ ಲೋಕಸೇವಾ ಆಯೋಗದಲ್ಲಿ ಈಗ ಒಂದೇ ಬಾರಿಗೆ ಹೆಸರು ನೋಂದಾಯಿಸಿ, ಬಳಿಕ ಅದರ ಮೂಲಕವೇ ಹುದ್ದೆಹುದ್ದೆಗೂ ಅರ್ಜಿ ಸಲ್ಲಿಸುವ ಕ್ರಮವಿದೆ. ಇದಕ್ಕೆ ಶುಲ್ಕವಿಲ್ಲ. ಆದರೆ ನೋಂದಣಿ ಒಂದೇ ಆದುದರಿಂದ, ಅದರಲ್ಲಿ ನುಸುಳಿದ ತಪ್ಪು ಎಲ್ಲ ಅರ್ಜಿಗಳನ್ನೂ ಹಿಂಬಾಲಿಸುತ್ತದೆ. ಹೆಸರು, ಜನ್ಮದಿನಾಂಕಗಳು ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿದ್ದಂತೆಯೇ ಇರಲಿ. ಭಾವಚಿತ್ರದ ಕೆಳಗೆ ಹೆಸರೂ ಚಿತ್ರ ತೆಗೆದ ದಿನಾಂಕವೂ ಅಚ್ಚಾಗಿರಲಿ. ಅರ್ಜಿ ಕಳುಹಿಸಿ ಸುಮ್ಮನೆ ಕುಳಿತರೆ ಸಾಲದು; ಪರೀಕ್ಷೆ ಬರೆಯುವೆನೆಂಬ ದೃಢೀಕರಣವನ್ನು ಗಡುವಿನೊಳಗೆ ಕೊಡದಿದ್ದರೆ ಅರ್ಜಿ ತಳ್ಳಿಹೋಗುತ್ತದೆ. ಮಂಗಳೂರಿನ ಕಡೆ ಪದವಿ ಪಡೆದವರು, ಅದು ಇಲ್ಲಿನ ಪದವಿಗೆ ಸಮಾನವೆಂಬ ಪತ್ರವನ್ನು ಮೊದಲೇ ಪಡೆದಿರುವುದು ಮೇಲು.

ಶಾಲೆಗಳ ತಾತ್ಕಾಲಿಕ ಕೆಲಸಗಳಿಗೆ ಸಂದರ್ಶನಕ್ಕೆ ಹೋಗುವಾಗ ಸ್ವವಿವರವನ್ನು ಕಾಗದದಲ್ಲಿಯೇ ಒಯ್ಯಬೇಕಾಗುತ್ತದೆ. ಅದು ಒಂದೆರಡು ಪುಟಗಳನ್ನು ಮೀರದಿರಲಿ. ಹೆಸರು, ವಿಳಾಸ, ವಿದ್ಯಾರ್ಹತೆ, ತೇರ್ಗಡೆಯಾದ ವರ್ಷ, ಅನುಭವ ಇವು ಕ್ರಮವಾಗಿ ಬರಲಿ. ಭಾಷೆಗಳ ಸಾಲಿನಲ್ಲಿ ನಮ್ಮ ಮಕ್ಕಳು ಜಿಪುಣರಾಗುತ್ತಾರೆ. ಸಪ್ತಭಾಷೆಗಳ ಈ ನಾಡಿನಲ್ಲಿ ಬೆಳೆದವನು ತುಳುವನ್ನು ಆಡಬಲ್ಲೆ, ಮಲಯಾಳವನ್ನು ಓದಿ ಬರೆಯಬಲ್ಲೆ ಎಂದು ಬಿಡಿಸಿ ಬರೆಯಲು ನಾಚಬೇಕೇಕೆ? ಮಲಯಾಳ ಬರೆಯಲು ಬಾರದಿದ್ದರೆ ಕಲಿಯಲಿ. ಕನ್ನಡ, ಮಲಯಾಳ ಎರಡೂ ಬಲ್ಲ ಗುಮಾಸ್ತರ ಹುದ್ದೆಗಳು ನಮ್ಮ ಜಿಲ್ಲೆಯಲ್ಲಿವೆ. ಕನ್ನಡ ಮಾಧ್ಯಮದ ಅಧ್ಯಾಪಕರ ಹುದ್ದೆಗಳೂ ಇವೆ.

ಇದು ಕೇವಲ ಸಂಬಳದ ಮಾತಲ್ಲ. 1969ರ ಕೇರಳದ ಅಧಿಕೃತ ಭಾಷಾ ಶಾಸನವು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಲು ಅವಕಾಶವಿತ್ತಿದೆ. ಆದರೆ ನಮ್ಮ ಪತ್ರವನ್ನು ಓದಬಲ್ಲವರೊಬ್ಬರು ಕಚೇರಿಯ ಮೇಜಿನ ಆಚೆ ಕುಳಿತಿರಬೇಕಲ್ಲವೆ? ತಪ್ಪಿಲ್ಲದೆ ತುಂಬಿದ ಅರ್ಜಿಯೊಂದು ಅಲ್ಲಿಗೆ ಒಬ್ಬ ಕನ್ನಡಿಗನನ್ನು ಕಳುಹಿಸಬಲ್ಲುದು.

ತಾಯಂದಿರೆ, ಇಂದು ಮನೆಗೆ ಹೋದೊಡನೆ ಕಪಾಟಿನ ಕಾಗದಗಳನ್ನೆಲ್ಲ ಚಾಪೆಯ ಮೇಲೆ ಹರಡಿ, ಮಗನ, ಮಗಳ ಹೆಸರನ್ನು ಅಕ್ಷರಕ್ಕಕ್ಷರ ಹೋಲಿಸಿ ನೋಡಿ. ಹೊಸದಾಗಿ ಶಾಲೆಗೆ ಸೇರಿಸುವವರು, ಬರೆದವನು ಮಾಷ್ಟ್ರೇ ಆದರೂ, ಓದಿ ನೋಡದೆ ಸಹಿ ಹಾಕಬೇಡಿ.