ಮೋಮೋ ಮತ್ತು ನಮ್ಮ ಗಂಟೆಗಳ ಲೆಕ್ಕ

(ಸಂಘದ ಮಹಿಳಾ ವೇದಿಕೆಯ ಪುಸ್ತಕ ಪರಿಚಯ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ಈ ಸಲ ಮಕ್ಕಳ ಕಾದಂಬರಿಯೊಂದರ ಬಗ್ಗೆ ಮಾತಾಡುತ್ತೇನೆ ಅಂದಾಗ "ಅದರಲ್ಲಿ ನಮಗೇನಿದೆ?" ಅಂತ ಕೆಲವರು ಕೇಳಿದಿರಿ. ಪ್ರಶ್ನೆ ಸರಿಯಾಗಿಯೇ ಇದೆ. ನಾನು ಸಾಹಿತ್ಯ ಓದಿದವಳಲ್ಲ, ಎಂಟೆಕ್ ಮುಗಿಸಿ ಐಟಿ ಕೆಲಸಕ್ಕೆ ಸೇರಿದವಳು. ಹಾಗಾಗಿ ನನ್ನ ಓದಿನಲ್ಲಿ ಲೆಕ್ಕ ಸ್ವಲ್ಪ ಜಾಸ್ತಿ. ದಯವಿಟ್ಟು ಸಹಿಸಿಕೊಳ್ಳಿ.

ಪುಸ್ತಕದ ಹೆಸರು 'ಮೋಮೋ'. ಬರೆದವರು ಜರ್ಮನಿಯ ಮಿಖಾಯೆಲ್ ಎಂಡೆ. 1973ರಲ್ಲಿ ಪ್ರಕಟವಾಯಿತು, ಮರುವರ್ಷವೇ ಜರ್ಮನಿಯ ಮಕ್ಕಳ ಮತ್ತು ಕಿಶೋರ ಸಾಹಿತ್ಯ ಪ್ರಶಸ್ತಿ ಬಂತು. ಒಂದು ದೊಡ್ಡ ನಗರದ ಅಂಚಿನಲ್ಲಿ ಪಾಳುಬಿದ್ದ ಹಳೆಯ ಬಯಲು ರಂಗಮಂದಿರ. ಅಲ್ಲಿ ಮೋಮೋ ಎಂಬ ದಿಕ್ಕಿಲ್ಲದ ಪುಟ್ಟ ಹುಡುಗಿ ಬಂದು ಸೇರುತ್ತಾಳೆ. ಅವಳಿಗಿರುವ ವಿದ್ಯೆ ಒಂದೇ, ಕೇಳಿಸಿಕೊಳ್ಳುವುದು. ಜಗಳವಾಡಿದವರು ಬಂದು ಅವಳೆದುರು ಕೂತರೆ ರಾಜಿಯಾಗುತ್ತಾರೆ. ಅವಳು ಬುದ್ಧಿ ಹೇಳುವುದಿಲ್ಲ, ಸುಮ್ಮನೆ ಕೂತು ಕೇಳುತ್ತಾಳೆ ಅಷ್ಟೇ.

ಆ ಊರಿಗೆ ಬೂದುಬಣ್ಣದ ಬಟ್ಟೆ ತೊಟ್ಟ ಕೆಲವರು ಬರುತ್ತಾರೆ. ಬಾಯಲ್ಲಿ ಸದಾ ಬೂದು ಚುಟ್ಟಾ. "ನಾವು ಸಮಯದ ಬ್ಯಾಂಕಿನವರು, ನಿಮ್ಮ ಸಮಯವನ್ನು ಉಳಿಸಿ ನಮ್ಮಲ್ಲಿಡಿ, ಬಡ್ಡಿ ಕೊಡುತ್ತೇವೆ" ಎನ್ನುತ್ತಾರೆ. ನಿಜದಲ್ಲಿ ಅವರು ಬದುಕುವುದೇ ಕದ್ದ ಸಮಯದ ಮೇಲೆ. ಜನರ ಎದೆಯಲ್ಲಿ ಅರಳುವ ಗಂಟೆಯ ಹೂಗಳನ್ನು ಕದ್ದು, ಎಸಳು ಒಣಗಿಸಿ, ಚುಟ್ಟಾ ಸುತ್ತಿ ಸೇದುತ್ತಾರೆ.

ಇಷ್ಟು ಕೇಳಿದರೆ "ಅವಸರ ಬೇಡ, ನಿಧಾನವಾಗಿ ಬದುಕಿ" ಎಂಬ ಉಪದೇಶದ ಕಥೆ ಅನ್ನಿಸುತ್ತದೆ. ಹೆಚ್ಚಿನವರು ಹಾಗೆಯೇ ಓದುತ್ತಾರೆ. ನನಗೆ ಇನ್ನೊಂದು ಅರ್ಥ ಕಂಡಿದ್ದು ಕ್ಷೌರಿಕ ಫೂಸಿಯ ಪ್ರಸಂಗದಲ್ಲಿ.

ಫೂಸಿಗೆ 42 ವರ್ಷ. ಬೂದು ಮನುಷ್ಯನೊಬ್ಬ ಅವನ ಅಂಗಡಿಗೆ ಬಂದು ಕನ್ನಡಿಯ ಮೇಲೆ ಲೆಕ್ಕ ಬರೆಯುತ್ತಾನೆ. 42 ವರ್ಷ ಅಂದರೆ 132 ಕೋಟಿ 45 ಲಕ್ಷ 12 ಸಾವಿರ ಸೆಕೆಂಡು. ಅದರಿಂದ ಒಂದೊಂದೇ ಕಳೆಯುತ್ತಾನೆ. ದಿನಕ್ಕೆ 8 ಗಂಟೆ ನಿದ್ದೆ, 8 ಗಂಟೆ ಕೆಲಸ, 2 ಗಂಟೆ ಊಟ. ಕಿವಿ ಕೇಳದ ಮುದಿ ತಾಯಿಯ ಜೊತೆ ಮಾತಿಗೆ 1 ಗಂಟೆ. ಸಾಕಿದ ಗಿಣಿಗೆ ಕಾಲು ಗಂಟೆ. ಮನೆಗೆಲಸ, ಸಾಮಾನು ತರುವುದು 1 ಗಂಟೆ. ಗೆಳೆಯರು, ಹಾಡು, ಓದು 3 ಗಂಟೆ. ಗಾಲಿಕುರ್ಚಿಯಲ್ಲಿರುವ ದಾರಿಯಾ ಎಂಬಾಕೆಗೆ ದಿನಾ ಹೂ ಒಯ್ದು ಕೊಡಲು ಅರ್ಧ ಗಂಟೆ. ಮಲಗುವ ಮುಂಚೆ ಕಿಟಕಿಯ ಬಳಿ ಕೂತು ಯೋಚಿಸಲು ಕಾಲು ಗಂಟೆ. ಕೊನೆಗೆ ಉಳಿದದ್ದು ಸೊನ್ನೆ! ಫೂಸಿ ಬೆವರುತ್ತಾನೆ. ನನ್ನ ಬದುಕೆಲ್ಲ ಸೊನ್ನೆಯೇ?

ನಾನು ಈ ಲೆಕ್ಕವನ್ನು ಕೂಡಿಸಿ ನೋಡಿದೆ. ಸರಿಯಾಗಿ 24 ಗಂಟೆ ಬರುತ್ತದೆ. ಅಂದರೆ ಯಾರ ದಿನವನ್ನು ಹೀಗೆ ಕಳೆದರೂ ಉಳಿಯುವುದು ಸೊನ್ನೆಯೇ. ರಾಜನದಾಗಲಿ, ಋಷಿಯದಾಗಲಿ. ಇನ್ನೂ ಒಂದು ಮೋಸ ಇದೆ. ಫೂಸಿ ಹುಟ್ಟಿದ ದಿನದಿಂದಲೇ 8 ಗಂಟೆ ಕತ್ತರಿ ಹಿಡಿದಿದ್ದ ಎಂಬಂತೆ ಲೆಕ್ಕ ಹಾಕಲಾಗಿದೆ. ತೊಟ್ಟಿಲ ಕೂಸಿಗೆ ಎಲ್ಲಿಯ ಕೆಲಸ? ನಮ್ಮ ಆಫೀಸಿನ ರಿವ್ಯೂನಲ್ಲಿ ಇಂಥ ಲೆಕ್ಕ ಐದು ನಿಮಿಷವೂ ನಿಲ್ಲುತ್ತಿರಲಿಲ್ಲ. ಆದರೆ ಭಯಪಟ್ಟ ಮನುಷ್ಯ ಲೆಕ್ಕವನ್ನು ಪರೀಕ್ಷಿಸುವುದಿಲ್ಲ, ನಂಬಿಬಿಡುತ್ತಾನೆ.

ಆಮೇಲೆ ಏನಾಗುತ್ತದೆ? ಬೂದು ಮನುಷ್ಯ ಹೋದೊಡನೆ ಫೂಸಿಗೆ ಅವನು ಬಂದಿದ್ದೇ ಮರೆತುಹೋಗುತ್ತದೆ. "ಸಮಯ ಉಳಿಸಬೇಕು" ಎಂಬುದು ಮಾತ್ರ ಉಳಿಯುತ್ತದೆ, ಅದೂ ತನ್ನದೇ ಯೋಚನೆ ಎಂಬಂತೆ. ತಾಯಿಯನ್ನು ಕಡಿಮೆ ಖರ್ಚಿನ ಆಶ್ರಮಕ್ಕೆ ಸೇರಿಸುತ್ತಾನೆ, ಗಿಣಿಯನ್ನು ಮಾರುತ್ತಾನೆ, ಇನ್ನು ಬರಲಾಗದೆಂದು ದಾರಿಯಾಗೆ ತಿಳಿಸುತ್ತಾನೆ. ಗಮನಿಸಿ, ಕಳ್ಳರ ಕಣ್ಣು ಕೆಲಸದ 8 ಗಂಟೆಯ ಮೇಲೆ ಮಾತ್ರವಲ್ಲ. ಅವರು ಇನ್ನೊಬ್ಬರಿಗೆ ಕೊಟ್ಟ ಗಂಟೆಯನ್ನೂ ಕದಿಯುತ್ತಾರೆ.

ಆಫೀಸಿನ ಟೈಮ್‌ಶೀಟ್ ತುಂಬುವ ನನಗೆ ಇದು ತೀರಾ ಹತ್ತಿರದ ವಿಷಯ. ನಮ್ಮ ಅತ್ತೆಯವರಿಗೆ ಕಿವಿ ಮಂದ. ಒಂದು ಮಾತನ್ನು ಮೂರು ಸಲ ಹೇಳಬೇಕು. ಅವರೂ ಅದೇ ಹಳೆಯ ಕಥೆಯನ್ನು ಮೂರು ಸಲ ಹೇಳುತ್ತಾರೆ. "ಒಳ್ಳೆಯ ಆಶ್ರಮಗಳಿವೆಯಂತೆ, ನಿಮಗೂ ಆರಾಮ" ಅಂತ ನಮಗೆ ಹೇಳಿದವರುಂಟು. ಆಶ್ರಮವನ್ನು ಆರಿಸಿಕೊಂಡವರನ್ನು ನಾನು ದೂರುವುದಿಲ್ಲ, ಒಂದೊಂದು ಮನೆಯ ಕಷ್ಟ ಒಂದೊಂದು. ನನ್ನ ಪ್ರಶ್ನೆ ಬೇರೆ. ಆ ಒಂದು ಗಂಟೆಯನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತೇವೆ? ನಷ್ಟದಲ್ಲೋ, ಬದುಕಿನಲ್ಲೋ?

ಇಲ್ಲಿ ನಾವು ಹೆಂಗಸರು ಎಚ್ಚರವಾಗಿರಬೇಕು. "ನೋಡಿ, ಸೇವೆಯ ಗಂಟೆ ಎಷ್ಟು ದೊಡ್ಡದು, ನೀವೇ ಮಾಡಿ" ಎಂದು ಈ ಪುಸ್ತಕವನ್ನೇ ನಮ್ಮ ಕೈಗೆ ಕೊಟ್ಟುಬಿಡಬಹುದು! 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಆದರೆ ಎಂಡೆಯವರ ಕಥೆಯಲ್ಲಿ ತಾಯಿಯ ಹತ್ತಿರ ದಿನಾ ಕೂತು ಮಾತಾಡುತ್ತಿದ್ದವನು ಯಾರು? ಮಗ ಫೂಸಿ. ಹೂ ಒಯ್ಯುತ್ತಿದ್ದವನೂ ಅವನೇ. ಕಳುವಾದದ್ದು ಒಬ್ಬ ಗಂಡಸಿನ ಆರೈಕೆಯ ಗಂಟೆ, ಅದನ್ನು ಕಳೆದುಕೊಂಡು ಬಡವನಾದವನೂ ಅವನೇ. ಇದನ್ನು ಓದಿದ ಮೇಲೆ ನಮ್ಮ ಮನೆಯಲ್ಲಿ ಒಂದು ಬದಲಾವಣೆ ಆಯಿತು. ರಾತ್ರಿ ಊಟವಾದ ಮೇಲೆ ಅತ್ತೆಯ ಜೊತೆ ಕೂರುವ ಗಂಟೆ ಈಗ ನಮ್ಮ ಯಜಮಾನರದು. ಅತ್ತೆ ತಮ್ಮ ತವರಿನ ಕಥೆ ಹೇಳುತ್ತಾರೆ, ಇವರು ಕೇಳುತ್ತಾರೆ. ತಾಯಿಯ ಬಾಲ್ಯದ ಬಗ್ಗೆ ಇವರಿಗೆ ಇಷ್ಟು ವರ್ಷ ಗೊತ್ತಿಲ್ಲದಿದ್ದ ಸಂಗತಿಗಳು ಈಗ ಗೊತ್ತಾಗಿವೆ.

ಇನ್ನೊಂದು ಪಾತ್ರ, ಬೀದಿ ಗುಡಿಸುವ ಬೆಪ್ಪೋ ಅಜ್ಜ. ಇಡೀ ಬೀದಿಯನ್ನು ಒಮ್ಮೆಲೇ ನೋಡಿ ಹೆದರಬಾರದು, ಮುಂದಿನ ಹೆಜ್ಜೆ, ಮುಂದಿನ ಉಸಿರು, ಮುಂದಿನ ಗುಡಿಸು ಇಷ್ಟನ್ನೇ ನೋಡಬೇಕು ಅನ್ನುವುದು ಅವನ ರೀತಿ. ಇಂಥವನನ್ನು ದುರಾಸೆಯಿಂದ ಬೀಳಿಸಲಾಗುವುದಿಲ್ಲ. ಅದಕ್ಕೇ ಬೂದು ಮನುಷ್ಯರು ಬೇರೆ ದಾರಿ ಹಿಡಿಯುತ್ತಾರೆ. "ಮೋಮೋ ನಮ್ಮ ವಶದಲ್ಲಿದ್ದಾಳೆ. ಅವಳು ಬೇಕಾದರೆ 1,00,000 ಗಂಟೆ ಉಳಿಸಿ ಕೊಡು" ಎನ್ನುತ್ತಾರೆ. ಅದು ಸುಳ್ಳು. ಆದರೆ ಅಜ್ಜ ನಂಬಿ, ಅವಳ ಮೇಲಿನ ಪ್ರೀತಿಗಾಗಿ, ಹಗಲೂ ರಾತ್ರಿ ಉಸಿರುಗಟ್ಟಿ ಗುಡಿಸುತ್ತಾನೆ. ಕೆಲಸದ ಮೇಲಿನ ಪ್ರೀತಿಯೇ ಸತ್ತುಹೋಗುತ್ತದೆ.

1,00,000 ಗಂಟೆಯನ್ನು ದಿನಕ್ಕೆ 8ರಂತೆ ಭಾಗಿಸಿದೆ. 12,500 ದಿನ, ಅಂದರೆ ಸುಮಾರು 34 ವರ್ಷ. ಒಬ್ಬ ಮನುಷ್ಯನ ಇಡೀ ನೌಕರಿಯ ಆಯಸ್ಸು! ನನ್ನ ಮಟ್ಟಿಗೆ ಪುಸ್ತಕದ ಆಳ ಇರುವುದು ಇಲ್ಲಿ. ನಮ್ಮಲ್ಲಿ ಬಹಳ ಜನ ಫೂಸಿಗಳಲ್ಲ, ಬೆಪ್ಪೋಗಳು. "ಯಾಕಿಷ್ಟು ಓಡುತ್ತೀಯ?" ಎಂದು ಕೇಳಿದರೆ "ಮಕ್ಕಳಿಗೋಸ್ಕರ" ಎನ್ನುತ್ತೇವೆ. ಸುಳ್ಳಲ್ಲ, ನಿಜವಾದ ಪ್ರೀತಿಯಿಂದಲೇ ಹೇಳುತ್ತೇವೆ. ಆ ಪ್ರೀತಿಯನ್ನೇ ಅಡವಿಟ್ಟುಕೊಂಡು ನಮ್ಮಿಂದ ಗಂಟೆ ವಸೂಲಾಗುತ್ತದೆ. ಅತ್ತ ಮೋಮೋ ಒಬ್ಬಳೇ ಕೂತಿರುತ್ತಾಳೆ. ಅವಳಿಗೆ ಬೇಕಾದದ್ದು ಬೆಪ್ಪೋ, ಅವನು ಉಳಿಸಿದ ಗಂಟೆಗಳಲ್ಲ.

ಮಕ್ಕಳ ಗತಿ? ಕಥೆಯಲ್ಲಿ ಅವರನ್ನು ಮಕ್ಕಳ ಡಿಪೋಗೆ ಸೇರಿಸುತ್ತಾರೆ. ಅಲ್ಲಿ ಭವಿಷ್ಯಕ್ಕೆ ಉಪಯೋಗವಾಗುವ ಆಟವನ್ನು ಮಾತ್ರ ಆಡಬೇಕು, ಪಂಚ್ ಕಾರ್ಡ್ ಆಟ. 1973ರಲ್ಲಿ ಪಂಚ್ ಕಾರ್ಡ್, ಇಂದು ಕೋಡಿಂಗ್ ಕ್ಲಾಸು. ಕೋಡಿಂಗ್ ನನ್ನ ಅನ್ನ, ಅದನ್ನು ಬೈಯಲಾರೆ. ಆದರೆ ವಾರವಿಡೀ ಕ್ಲಾಸುಗಳೇ ತುಂಬಿದ ಮಗುವಿಗೆ ಯಾವ ಉಪಯೋಗಕ್ಕೂ ಬಾರದ ಒಂದು ಗಂಟೆ ಉಳಿದಿದೆಯೇ, ನೋಡಿಕೊಳ್ಳೋಣ.

ಕೊನೆಗೆ ಮೋಮೋ ಒಂದೇ ಒಂದು ಗಂಟೆಯ ಹೂ ಹಿಡಿದು ಹೊರಡುತ್ತಾಳೆ, ಜೊತೆಗೆ ಅರ್ಧ ಗಂಟೆ ಮುಂದಿನದನ್ನು ಕಾಣಬಲ್ಲ ಆಮೆ ಕಸ್ಸಿಯೋಪಿಯಾ. ಕಳ್ಳರ ಉಗ್ರಾಣದ ಬಾಗಿಲು ಮುಚ್ಚುತ್ತಾಳೆ. ಚುಟ್ಟಾ ಮುಗಿದಂತೆ ಅವರೂ ಇಲ್ಲವಾಗುತ್ತಾರೆ. ಕದ್ದ ಹೂಗಳೆಲ್ಲ ಯಾರ ಎದೆಯಿಂದ ಬಂದಿದ್ದವೋ ಅಲ್ಲಿಗೇ ಹಿಂದಿರುಗುತ್ತವೆ. ಇಡೀ ಊರನ್ನು ಉಳಿಸಲು ಅವಳಿಗೆ ಸಿಕ್ಕಿದ್ದು ಒಂದೇ ಗಂಟೆ. ಅಷ್ಟು ಸಾಕಾಯಿತು.

ಹಾಗಾಗಿ ನನ್ನದೊಂದು ವಿನಂತಿ. ಈ ವಾರ ಮನೆಯವರೆಲ್ಲ ಕೂತು ಒಂದು ಕಾಗದದ ಮೇಲೆ 24 ಗಂಟೆ ಬರೆಯಿರಿ. ಯಾರ ಗಂಟೆ ಯಾರಿಗೆ ಹೋಗುತ್ತಿದೆ ನೋಡಿ. ಬರೀ ಒಬ್ಬರ ಮೇಲೆ ಬಿದ್ದದ್ದನ್ನು ಹಂಚಿಕೊಳ್ಳಿ. ಆದರೆ ಇನ್ನೊಬ್ಬರ ಮಾತು ಕೇಳುತ್ತಾ ಕೂತ ಗಂಟೆಯನ್ನು ಮಾತ್ರ ನಷ್ಟದ ಕಾಲಮ್ಮಿಗೆ ಹಾಕಬೇಡಿ.

ನಿಮ್ಮ ಭಾನುವಾರದ ಒಂದು ಗಂಟೆಯನ್ನು ನನಗೆ ಕೊಟ್ಟು ಕೇಳಿದ್ದೀರಿ.