ಮುದ್ದತು ಮೀರಿದ ಮೇಲೆ ನ್ಯಾಯವೆಲ್ಲಿ?

(ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ನೆರೆದ ಸರಕಾರಿ ನೌಕರರ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಈ ರಸ್ತೆಯ ಬದಿಗಿರುವ ಗೋಲಗುಮ್ಮಟದೊಳಗೆ ಒಂದು ಸಲ ಕೂಗಿದರೆ ಆ ಕೂಗು ಹಲವು ಸಲ ಮರಳಿ ಕೇಳುವುದೆಂಬುದನ್ನು ನಾವೆಲ್ಲರೂ ಬಲ್ಲೆವು. ಕಚೇರಿಗಳ ರೀತಿ ಇದಕ್ಕೆ ವಿಪರೀತವಾದುದು. ಅಲ್ಲಿ ಹಲವು ಸಲ ಕೂಗಿದರೂ ಒಂದು ಮರುದನಿಯೂ ಬಾರದಿರಬಹುದು. ಆದರೆ ಆ ಮೌನದಲ್ಲಿಯೂ ಕಾಯದೆಯ ಗಡಿಯಾರವು ನಡೆದೇ ಇರುತ್ತದೆ.

ಕೆಲವು ವರುಷಗಳ ಹಿಂದೆ, ಕೆಲಸದಿಂದ ವಜಾ ಆದ ಗೃಹಸ್ಥರೊಬ್ಬರು ಅರ್ಜಿಗಳ ದೊಡ್ಡ ಕಟ್ಟಿನೊಡನೆ ನನ್ನಲ್ಲಿಗೆ ಬಂದರು. ನಾಲ್ಕು ವರುಷ ಅಧಿಕಾರಿಗಳಿಗೂ ಮಂತ್ರಿಗಳಿಗೂ ಬರೆದುಕೊಂಡಿದ್ದರು. "ಅಪೀಲು ಮಾಡಿದಿರೇನು?" ಎಂದು ಕೇಳಿದೆನು. "ಇವೆಲ್ಲ ಮತ್ತೇನು, ವಕೀಲಸಾಹೇಬರೇ?" ಎಂದರು. ಅವುಗಳಲ್ಲಿ ಒಂದೂ ಅಪೀಲಾಗಿರಲಿಲ್ಲ. ಅವರ ಪಕ್ಷದಲ್ಲಿ ಸತ್ಯವಿದ್ದಿತು, ಮುದ್ದತು ಉಳಿದಿರಲಿಲ್ಲ.

1956ನೆಯ ಇಸವಿ ನವೆಂಬರ 1ಕ್ಕೆ ಕನ್ನಡ ನಾಡು ಒಂದಾದಾಗ ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು, ಮೈಸೂರುಗಳ ಕನ್ನಡ ನೌಕರರು ಒಂದೇ ಸೇವೆಯೊಳಗೆ ಬಂದರು. ಮರುವರುಷವೇ, ಅಂದರೆ 1957ರಲ್ಲಿ, ಅವರೆಲ್ಲರಿಗೂ ಅನ್ವಯಿಸುವ ವರ್ಗೀಕರಣ, ನಿಯಂತ್ರಣ ಮತ್ತು ಅಪೀಲು ನಿಯಮಗಳು ಹುಟ್ಟಿದವು. ಆ ಮೇರೆಗೆ, ಶಿಕ್ಷೆಯ ಹುಕುಮಿನ ಪ್ರತಿ ಕೈಗೆ ಮುಟ್ಟಿದ ದಿನದಿಂದ ಮೂರು ತಿಂಗಳೊಳಗೆ ಅಪೀಲು ಸಲ್ಲಿಸಬೇಕು. ರೇಲ್ವೆ ಮತ್ತು ಅಂಚೆಯ ಬಂಧುಗಳಿಗೆ ಕೇಂದ್ರದ ನಿಯಮಗಳು ಅನ್ವಯಿಸುವುದರಿಂದ ಅವರಿಗೆ ದೊರೆಯುವುದು 45 ದಿನ ಮಾತ್ರ. ತಡವಾದುದಕ್ಕೆ ಸಾಕಷ್ಟು ಕಾರಣವಿದ್ದರೆ ಮನ್ನಿಸುವ ಅಧಿಕಾರವು ಮೇಲಧಿಕಾರಿಗೆ ಉಂಟು. ಆದರೆ ಕ್ಷಮೆಯನ್ನು ನಂಬಿ ಮಲಗುವುದು ಜಾಣತನವಲ್ಲ.

ಮುಂದಿನ ಮೆಟ್ಟಿಲು ಆಡಳಿತ ನ್ಯಾಯಮಂಡಳಿ. 1985ರ ಕಾಯದೆಯಂತೆ ಅಪೀಲಿನ ತೀರ್ಪಾದಂದಿನಿಂದ ಒಂದು ವರುಷದೊಳಗೆ ಅಲ್ಲಿಗೆ ಹೋಗಬೇಕು. ಅಪೀಲಿಗೆ ಉತ್ತರವೇ ಬಾರದಿದ್ದರೆ ಆರು ತಿಂಗಳು ಕಾಯಬೇಕು. ಅದು ಕಳೆದ ಮೇಲೆ ಒಂದು ವರುಷದ ಅವಧಿಯುಂಟು. ಉತ್ತರ ಬರಲೆಂದು ಅನಂತಕಾಲ ಕಾದು ಕುಳಿತವನನ್ನು ಕಾಯದೆಯು ಕಾಯುವುದಿಲ್ಲ.

ಮಧ್ಯಪ್ರದೇಶದ ಎಸ್. ಎಸ್. ರಾಠೋರರನ್ನು 1966ರಲ್ಲಿ ವಜಾ ಮಾಡಲಾಯಿತು. ಅವರು ಕೂಡಲೇ ನಿಯಮದಂತೆ ಅಪೀಲು ಮಾಡಿದರು; ಅದೇ ವರುಷ ಅದು ತಳ್ಳಲ್ಪಟ್ಟಿತು. 1969ರಲ್ಲಿ ಅವರು ಹೂಡಿದ ದಾವೆಯು ಮುದ್ದತು ಮೀರಿದ್ದೆಂದು ಕೆಳಗಿನ ಕೋರ್ಟುಗಳು ಹೇಳಿದವು. 1989ರಲ್ಲಿ ಸುಪ್ರೀಮ್ ಕೋರ್ಟಿನ ಏಳು ಮಂದಿ ನ್ಯಾಯಮೂರ್ತಿಗಳು, ಕಾಲವನ್ನು ಎಣಿಸಬೇಕಾದುದು ವಜಾದ ದಿನದಿಂದಲ್ಲ, ಅಪೀಲಿನ ತೀರ್ಪಿನಿಂದ ಎಂದು ನಿರ್ಣಯಿಸಿ ಅವರ ದಾವೆಯನ್ನು ಉಳಿಸಿದರು. ಆದರೆ ಕಾಯದೆಯಲ್ಲಿಲ್ಲದ ಮನವಿಗಳನ್ನು ಮೇಲಿಂದ ಮೇಲೆ ಸಲ್ಲಿಸಿದರೆ ಮುದ್ದತು ಬೆಳೆಯದೆಂದೂ ಅದೇ ತೀರ್ಪಿನಲ್ಲಿ ಸಾರಿದರು. ರಾಠೋರರನ್ನು ಕಾಯ್ದುದು ಆ ಒಂದು ಅಪೀಲು. ನನ್ನ ಪಕ್ಷಕಾರರನ್ನು ಕೆಡಿಸಿದುದು ಅದಿಲ್ಲದ ನೂರು ಅರ್ಜಿ.

ಸಂಬಳ, ಪಿಂಚಣಿಗಳು ತಿಂಗಳು ತಿಂಗಳಿಗೆ ತಪ್ಪಾಗಿ ಬರುತ್ತಿದ್ದರೆ ಅದು ಮುಂದುವರಿಯುವ ಅನ್ಯಾಯವೆಂದು 2008ರಲ್ಲಿ ತರಸೇಮ ಸಿಂಗರ ಖಟ್ಲೆಯಲ್ಲಿ ಸುಪ್ರೀಮ್ ಕೋರ್ಟು ಒಪ್ಪಿತು. ಅಲ್ಲಿಯೂ ಹಿಂದಿನ ಬಾಕಿಯು ಮೂರು ವರುಷಗಳಿಗೇ ಸೀಮಿತವಾಯಿತು. ತಡಮಾಡಿದವನು ಗೆದ್ದರೂ ಕಳೆದುಕೊಂಡೇ ಗೆಲ್ಲುತ್ತಾನೆ.

ಆದುದರಿಂದ ತಮ್ಮಲ್ಲಿ ನನ್ನ ಅರಿಕೆ ಇಷ್ಟೇ. ಹುಕುಮು ಕೈಗೆ ಬಂದ ಕೂಡಲೇ ಅದರ ಮೇಲೆ ಆ ದಿನದ ತಾರೀಖನ್ನು ಬರೆದಿಡಿರಿ. ಕಾಗದದ ತಲೆಯ ಮೇಲೆ "ಅಪೀಲು" ಎಂದೇ ಬರೆದು, ಯಾವ ನಿಯಮದಂತೆ ಎಂಬುದನ್ನು ಕಾಣಿಸಿರಿ. ಮುಟ್ಟಿದ ಪಾವತಿಯನ್ನು ಜೋಪಾನಮಾಡಿರಿ. ಆರು ತಿಂಗಳು ತುಂಬುವ ದಿನವನ್ನು ಮನೆಯ ಪಂಚಾಂಗದಲ್ಲಿ ಗುರುತಿಸಿರಿ.

ಅಪೀಲು ಮಾಡಿದರೆ ಮೇಲಧಿಕಾರಿಗಳು ಮುನಿಯುವರೆಂದು ಅನೇಕರು ಅಂಜುತ್ತಾರೆ. ಮಹನೀಯರೇ, ನಿಯಮವೇ ತೆರೆದಿಟ್ಟ ಬಾಗಿಲನ್ನು ತಟ್ಟುವುದು ಅವಿನಯವಲ್ಲ. ಕೃಪೆಯನ್ನು ಬೇಡುವವನಿಗೆ ಕಾಲದ ಕಟ್ಟಿಲ್ಲ, ಅವನ ಬೇಡಿಕೆಗೆ ಬೆಲೆಯೂ ಇಲ್ಲ. ಹಕ್ಕನ್ನು ಕೇಳುವವನಿಗೆ ಎರಡೂ ಉಂಟು. ಆ ಕಾಲವನ್ನು ಕಳೆಯದಿರಿ.